ಹನ್ನೊಂದು ಚೆಂಡಿನ ತೂಕ

ಜೂನ್ 2, ಸೋಮವಾರ

ಯಾರದು ಇದನ್ನು ತೆರೆದಿರುವುದು? ಮುಚ್ಚು ಮೊದಲು. ಸೊಸೆಯಾಗಿದ್ದರೆ ಒಲೆಯ ಮೇಲಿನ ಹಾಲು ಉಕ್ಕುತ್ತಿದೆ, ಹೋಗಿ ನೋಡು. ಮಗನಾಗಿದ್ದರೆ ಥೂ ನಿನ್ನ, ನಲವತ್ತೇಳು ವರ್ಷವಾದರೂ ಅಮ್ಮನ ದಿಂಬಿನಡಿ ಕೈ ಹಾಕುವ ಚಾಳಿ ಬಿಡಲಿಲ್ಲವಲ್ಲ. ಹೊರಗಿನವರಾಗಿದ್ದರೆ, ನಿಮ್ಮ ಮನೆಯಲ್ಲಿ ಕೆಲಸ ಬೊಗಸೆ ಇಲ್ಲವೇ? ಕಾಗುಣಿತ ತಪ್ಪಿದೆ ಎಂದು ನಗುವವರು ನಗಲಿ. ನನ್ನನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಎಮ್ಮೆ ಹಿಂದೆ ಕಳಿಸಿದರು. ನಗುವುದಿದ್ದರೆ ಆ ಎಮ್ಮೆಯನ್ನು ನೋಡಿ ನಗಿ.

ಈ ಪುಸ್ತಕ ನನ್ನದಲ್ಲ. ಮೂಳೆ ಡಾಕ್ಟರಮ್ಮ ನನ್ನ ಮೊಮ್ಮಗಳಿಗೆ ಕೊಟ್ಟದ್ದು. ದಿನಾ ಬೆನ್ನು ಎಷ್ಟು ನೋಯುತ್ತದೆ, ಸೊನ್ನೆಯಿಂದ ಹತ್ತರೊಳಗೆ ಬರೆಯಬೇಕಂತೆ. ನಮ್ಮ ಕೊಕ್ಕರೆ ಇದನ್ನು ಗೋಡೆಗೆ ಎಸೆದಳು. ಮಲಗಿದಲ್ಲಿಂದಲೇ ಎಸೆದರೂ ಗೋಡೆಯ ಸುಣ್ಣ ಉದುರಿತು. ಅಂಥ ತೋಳು ಅದು. ಕಾಲು ಉದ್ದ ಎಂದು ಕೊಕ್ಕರೆ ಎಂದು ಕರೆದವಳು ನಾನೇ, ಈಗ ಊರೆಲ್ಲ ಹಾಗೇ ಕರೆಯುತ್ತದೆ.

ಹತ್ತೊಂಬತ್ತು ವರ್ಷದ ಹುಡುಗಿ. ಅವಳಷ್ಟು ಜೋರಾಗಿ ಚೆಂಡೆಸೆಯುವ ಹೆಣ್ಣು ಸುತ್ತಮುತ್ತ ಇಲ್ಲ. ಅಕ್ಟೋಬರಿನಲ್ಲಿ ದೇಶದ ತಂಡ ಆರಿಸುತ್ತಾರೆ, ಅವಳ ಹೆಸರು ಇದ್ದೇ ಇರುತ್ತದೆ ಎಂದು ಕೋಚ್ ಬಾಯಿಬಿಟ್ಟು ಹೇಳಿದ್ದ. ಹೋದ ವಾರ ಓಡಿಬಂದು ಎಸೆದವಳು ಹಾಗೇ ಮೊಣಕಾಲೂರಿ ಕೂತುಬಿಟ್ಟಳಂತೆ. ಬೆನ್ನಿನ ಕೆಳಮೂಳೆಯ ಎರಡೂ ಪಕ್ಕ ಬಿರುಕು. ಹನ್ನೆರಡು ವಾರ ಬೆಲ್ಟು ಬಿಗಿದುಕೊಂಡಿರಬೇಕು, ಚೆಂಡು ಮುಟ್ಟಬಾರದು. ಮುನ್ನೂರು ವಿಕೆಟ್ ತೆಗೆಯಬೇಕಾದವಳು ಮಂಚದ ಮೇಲೆ ಮಲಗಿ ಸೂರಿನ ತೊಲೆ ಎಣಿಸುತ್ತಿದ್ದಾಳೆ.

ನೋವು: ಕೇಳಿದರೆ "ಹೋಗಜ್ಜಿ" ಅಂದಳು. ಏಳು ಅಂತ ನಾನೇ ಬರೆದೆ.

ಜೂನ್ 4, ಬುಧವಾರ

ನೋವು: ಆರು, ಅವಳೇ ಹೇಳಿದ್ದು.

ಬೆಳಗ್ಗೆ ಬೆಲ್ಟು ಬಿಗಿಯುವಾಗ ಅವಳ ಬೆನ್ನು ನೋಡಿದೆ. ಸೊಂಟದ ಮೇಲೆ, ನಡುಗೆರೆಯ ಎರಡೂ ಕಡೆ, ಬೆರಳಿಟ್ಟರೆ ಮೈ ಸೆಟೆಯುತ್ತಾಳೆ. ಆ ಜಾಗ ನನಗೆ ಗೊತ್ತು. ಮೂವತ್ತೊಂದು ವರ್ಷ ಚೆಂಡಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂತವಳು ನಾನು. ಮೊಣಕಾಲ ನಡುವೆ ಮರದ ಇಕ್ಕಳ, ಇಕ್ಕಳದಲ್ಲಿ ಚೆಂಡು, ಎರಡು ಕೈಯಲ್ಲಿ ಎರಡು ಸೂಜಿ, ಮೇಣ ಸವರಿದ ದಾರ. ಒಂದು ಚೆಂಡಿಗೆ ಆರು ಸಾಲು ಹೊಲಿಗೆ. ಸಂಜೆ ಏಳುವಾಗ ಸರಿಯಾಗಿ ಅದೇ ಜಾಗದಲ್ಲಿ ಹಿಡಿದುಕೊಂಡು ಏಳುತ್ತಿದ್ದೆವು.

ಅಲ್ಲಿ ದಿನವಿಡೀ ರೇಡಿಯೋ ಹಾಡುತ್ತಿತ್ತು. ಟೆಸ್ಟ್ ಮ್ಯಾಚಿದ್ದರೆ ಐದು ದಿನವೂ ಕಾಮೆಂಟರಿ. ಆ ವೇಗದ ಬೌಲರುಗಳ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ನಾವೇ ಹೆಸರಿಟ್ಟೆವು. ಒಬ್ಬ ಮೀಸೆ. ಒಬ್ಬ ಗಿಡ್ಡ. ಒಬ್ಬ ಗಳ, ಅಷ್ಟು ಉದ್ದವಂತೆ. ನಮ್ಮ ಚೆಂಡು ಯಾರ ಕೈ ಸೇರುತ್ತಿತ್ತೋ ಏನೋ, ಯಾರು ದೊಡ್ಡವನು ಎಂಬ ಜಗಳ ಮಾತ್ರ ಸೂಜಿಗಿಂತ ಚೂಪಾಗಿರುತ್ತಿತ್ತು. ನಾನು ಗಿಡ್ಡನ ಕಡೆ. ಎದುರು ಕೂರುತ್ತಿದ್ದವಳು ಮೀಸೆಯ ಕಡೆ. ಎರಡು ವರ್ಷ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ಜೂನ್ 8, ಭಾನುವಾರ

ನೋವು: ಐದು.

ಮಗ ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಭಾನುವಾರ ಅವನಿಗೆ ರಜೆ, ನಮಗೆ ಸಜೆ. ಅಟ್ಟದಿಂದ ಹಳೇ ಕ್ರಿಕೆಟ್ ಪುಸ್ತಕಗಳ ರಟ್ಟಿನ ಡಬ್ಬ ಇಳಿಸಿಕೊಂಡು ಬಂದ. ಅದರ ಧೂಳಿಗೆ ಹುಡುಗಿ ಸೀನಿದಳು, ಸೀನಿದ್ದಕ್ಕೆ ಬೆನ್ನು ಹಿಡಿದು ಕಿರುಚಿದಳು. ಸೊಸೆ ಅವನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಮೇಲ್ವಿಚಾರಕಿ ಅವಳು, ಕಲೆ ತೆಗೆಯುವುದರಲ್ಲಿ ಪಳಗಿದ ಕೈ, ಬಾಯಿಯೂ ಅಷ್ಟೆ.

ಆಮೇಲೆ ಮಗ, ಹುಡುಗಿ, ನಾನು ಮೂವರೂ ಜಗಳಕ್ಕೆ ಕೂತೆವು. ಯಾರು ದೊಡ್ಡವನು?

"ಸರಾಸರಿ ನೋಡು ಪುಟ್ಟಿ," ಅಂದ ಮಗ. "ಒಂದು ವಿಕೆಟ್ಟಿಗೆ ಎಷ್ಟು ರನ್ ಕೊಟ್ಟ ಅನ್ನೋದೇ ಲೆಕ್ಕ. ಗಿಡ್ಡ ಎಂಬತ್ತೊಂದು ಟೆಸ್ಟು, ಮುನ್ನೂರ ಎಪ್ಪತ್ತಾರು ವಿಕೆಟ್ಟು, ವಿಕೆಟ್ಟಿಗೆ ಇಪ್ಪತ್ತೊಂದು ರನ್ನೂ ಇಲ್ಲ."

"ಗಳಂದೂ ಅಷ್ಟೇ ಅಲ್ವಾಪ್ಪ? ತೊಂಬತ್ತೆಂಟು ಟೆಸ್ಟಲ್ಲಿ ನಾನೂರ ಐದು. ಜಾಸ್ತಿ ಆಡಿದ್ದಾನೆ."

"ಗಳ ಒಂದು ವಿಕೆಟ್ಟಿಗೆ ಐವತ್ನಾಲ್ಕು ಚೆಂಡು ತಗೊಂಡ. ನನ್ನ ಗಿಡ್ಡನಿಗೆ ನಲವತ್ತಾರು ಸಾಕಾಯ್ತು," ಅಂದೆ ನಾನು. "ಮನೆ ಹೆಂಗಸಿಗೆ ಕೆಲಸ ಬೇಗ ಮುಗಿಸೋನು ಬೇಕು, ಎಳೀತಾ ಕೂರೋನಲ್ಲ."

"ಅಜ್ಜಿ, ಹಾಗಂದ್ರೆ ಇಲ್ಲೊಬ್ಬನಿದ್ದಾನೆ ನೋಡು. ಮೂವತ್ತೊಂಬತ್ತು ಚೆಂಡೂ ಬೇಡ ಇವನಿಗೆ. ಗಿಡ್ಡಂಗಿಂತ ಬೇಗ."

"ಎಷ್ಟು ಟೆಸ್ಟು ಆಡಿದ?"

ಹುಡುಗಿ ಪುಟ ನೋಡಿದಳು. ಮಗ ಇಣುಕಿ ಓದಿದ. ಹದಿನೆಂಟು. ಎಂಟು ವರ್ಷದಲ್ಲಿ ಹದಿನೆಂಟೇ ಟೆಸ್ಟು, ಎಂಬತ್ತೇಳು ವಿಕೆಟ್ಟು. ಯಾಕೆ ಎಂದು ಕೇಳಿದೆ. ಕೇಳಬಾರದಿತ್ತು.

"ಬೆನ್ನು ಮೂಳೆ ಅಜ್ಜಿ," ಅಂದಳು ಕೊಕ್ಕರೆ. ಪುಸ್ತಕ ಮುಚ್ಚಿ ಗೋಡೆ ಕಡೆ ತಿರುಗಿದಳು.

ಮಗ ಪುಸ್ತಕ ಬಿಟ್ಟು ಎದ್ದುಹೋದ. ಡಬ್ಬ ನನ್ನ ಮಂಚದಡಿ ಇದೆ.

ಜೂನ್ 13, ಶುಕ್ರವಾರ

ಇಲ್ಲಾದರೂ ಬರೆದುಬಿಡುತ್ತೇನೆ.

ಅವಳಿಗೆ ಹನ್ನೊಂದು ವರ್ಷವಿದ್ದಾಗ ಹಳೇ ಚೆಂಡೊಂದನ್ನು ಬಿಚ್ಚಿದೆ. ಒಳಗಿನ ಕಾರ್ಕು ಕೊರೆದು, ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಎರಡು ಕೂರಿಸಿದೆ. ಮೇಲೆ ಒದ್ದೆ ನೂಲು ಬಿಗಿಯಾಗಿ ಸುತ್ತಿ, ಚರ್ಮ ಹೊದಿಸಿ, ಆರು ಸಾಲು ಹಾಕಿದೆ. ಮೂವತ್ತೊಂದು ವರ್ಷದ ಕೈ. ಕಾರ್ಖಾನೆಯ ಯಜಮಾನ ಬಂದು ತಿರುಗಿಸಿ ನೋಡಿದರೂ ಕಂಡುಹಿಡಿಯಲಾರ. "ಅಜ್ಜಿ ಹೊಲಿದ ಚೆಂಡು" ಎಂದು ಕೊಟ್ಟೆ. ಅಭ್ಯಾಸಕ್ಕೆಲ್ಲ ಅದೇ. ಭಾರದ್ದನ್ನು ಎಸೆದು ಎಸೆದು ಕೈ ಗಟ್ಟಿಯಾದರೆ ಮ್ಯಾಚಿನ ಚೆಂಡು ಗರಿಯ ಹಾಗೆ ಹಾರುತ್ತದೆ ಎಂದು ನನ್ನ ಲೆಕ್ಕ. ಹಾರಿತು ಕೂಡ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಹದಿಮೂರಕ್ಕೆ ಮೂರು ಗುಂಡು ಹಾಕಿದೆ. ಹದಿನಾರಕ್ಕೆ ನಾಲ್ಕು. ಹೆಂಗಸರ ಮ್ಯಾಚಿನ ಚೆಂಡು ನೂರ ನಲವತ್ತೈದು ಗ್ರಾಂ ಇದ್ದರೆ ನನ್ನದು ಇನ್ನೂರು.

ಯಾರಿಗೂ ಹೇಳಿಲ್ಲ. ಅವಳಿಗೂ ಇಲ್ಲ. ಕೈಹೊಲಿಗೆ ಬಿಗಿಯಾದ್ದಕ್ಕೆ ತುಸು ಭಾರ ಎಂದು ಅವಳು ನಂಬಿದ್ದಾಳೆ.

ಯಾಕೆ ಮಾಡಿದೆ? ಗಿಡ್ಡನ ಪಕ್ಕದಲ್ಲಿ ಇವಳ ಹೆಸರು ಓದಬೇಕು ಅಂತ. ಇಷ್ಟೇ.

ಆ ಬಿರುಕು ನನ್ನ ಸೂಜಿಯದೋ ಏನೋ. ಅಲ್ಲದಿರಬಹುದು. ವೇಗದ ಬೌಲರುಗಳಿಗೆಲ್ಲ ಆಗುತ್ತದಂತೆ. ಎಲ್ಲರಿಗೂ ಆಗುತ್ತದೆಯೇ? ಅದನ್ನೇ ನೋಡಬೇಕು.

ಜೂನ್ 21, ಶನಿವಾರ

ನೋವು: ನಾಲ್ಕು. ಎದ್ದು ಬಾಗಿಲವರೆಗೆ ನಡೆದಳು.

ಡಬ್ಬದ ಪುಸ್ತಕಗಳನ್ನೆಲ್ಲ ಎಳೆದುಹಾಕಿ ಪಟ್ಟಿ ಮಾಡುತ್ತಿದ್ದೇನೆ. ಇಪ್ಪತ್ತಮೂರು ಜನ ಆದರು. ಎಷ್ಟು ಟೆಸ್ಟು, ಎಷ್ಟು ವಿಕೆಟ್ಟು, ವಿಕೆಟ್ಟಿಗೆ ಎಷ್ಟು ರನ್ನು, ಎಷ್ಟು ಚೆಂಡು. ಇಂಗ್ಲಿಷ್ ಅಕ್ಷರ ಓದಲು ನನಗೆ ಬಾರದು, ಅಂಕಿ ಓದಲು ಯಾರಪ್ಪನ ಹಂಗೂ ಇಲ್ಲ. ಹೆಸರು ಕೇಳಲು ಮಾತ್ರ ಹುಡುಗಿಯ ಹತ್ತಿರ ಹೋಗಬೇಕು.

"ಅಜ್ಜಿ, ನಿಂಗ್ಯಾಕೆ ಇದೆಲ್ಲ?"

"ಕೂತು ಏನ್ಮಾಡ್ಲಿ, ನಿನ್ನ ಮುಖ ನೋಡ್ಕೊಂಡಿರ್ಲಾ?"

"ನೂರ ಎಂಬತ್ತೆಂಟು ಟೆಸ್ಟು ಆಡಿದೋನನ್ನ ಬರ್ಕೊಂಡ್ಯಾ? ಏಳ್ನೂರ ನಾಲ್ಕು ವಿಕೆಟ್ಟು. ನಲವತ್ತು ದಾಟಿದ್ಮೇಲೂ ಎಸೀತಿದ್ದ."

"ಮುದುಕ ಅಂತ ಬರ್ಕೊಂಡಿದ್ದೀನಿ. ವಿಕೆಟ್ಟಿಗೆ ಇಪ್ಪತ್ತಾರು ರನ್ನು ಕೊಟ್ಟಿದ್ದಾನೆ, ಗಿಡ್ಡನ ಕಾಲ ಧೂಳಿಗೂ ಸಮ ಇಲ್ಲ."

"ಆದ್ರೂ ಇಪ್ಪತ್ತೊಂದು ವರ್ಷ, ಅಜ್ಜಿ!"

"ಹೆಂಗಸ್ರಿಗೆ ವರ್ಷಕ್ಕೊಂದು ಟೆಸ್ಟು ಕೊಟ್ರೆ ಹೆಚ್ಚು. ಅವನ ಸಮ ಬರ್ಬೇಕು ಅಂದ್ರೆ ನೀನು ಇನ್ನೂರು ವರ್ಷ ಬದುಕ್ಬೇಕು ಕಣೇ."

ನಕ್ಕಳು. ಮೂರು ವಾರದಲ್ಲಿ ಇದೇ ಮೊದಲು. ನಕ್ಕದ್ದಕ್ಕೆ ಬೆನ್ನು ನೋವಾಗಿ ನನ್ನನ್ನೇ ಬೈದಳು.

ಜುಲೈ 1, ಮಂಗಳವಾರ

ನೋವು: ಮೂರು.

ಆಸ್ಪತ್ರೆಗೆ ಹೋಗಿದ್ದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಕೂದಲು ಕತ್ತರಿಸಿಕೊಂಡಿದ್ದಾಳೆ, ಮಾತು ಕಡಿಮೆ. ಉದ್ದದ ಕಾಗದವೊಂದನ್ನು ತೆಗೆದು ಒಂದೊಂದೇ ಕೇಳಿದಳು. ಯಾವ ವಯಸ್ಸಿಗೆ ಶುರು? ಹನ್ನೊಂದು. ವಾರಕ್ಕೆ ಎಷ್ಟು ದಿನ? ಮೂರು. ದಿನಕ್ಕೆ ಎಷ್ಟು ಎಸೆತ? ನಲವತ್ತು. ಎಲ್ಲವನ್ನೂ ಹುಡುಗಿಯೇ ಹೇಳಿದಳು, ಸುಳ್ಳಿಲ್ಲದೆ.

"ಅಭ್ಯಾಸಕ್ಕೆ ಎಂಥ ಚೆಂಡು?"

"ಅಜ್ಜಿ ಹೊಲಿದು ಕೊಡ್ತಾರೆ. ಚೆಂಡಿನ ಕಾರ್ಖಾನೇಲಿದ್ರು," ಅಂದಳು ಹೆಮ್ಮೆಯಿಂದ.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ತೂಕ ಎಲ್ಲ ಸರಿ ಇರ್ತಿತ್ತಾ ಅಜ್ಜಿ?"

ಮಗ ಇದ್ದ, ಸೊಸೆ ಇದ್ದಳು, ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಎಲ್ರೂ ಎಸೆಯೋ ಚೆಂಡೇ ತಾಯಿ," ಅಂದೆ.

ಬರೆದುಕೊಂಡಳು. ಪೆನ್ನಿನ ಸದ್ದು ಈಗಲೂ ಕಿವಿಯಲ್ಲಿದೆ.

ಜುಲೈ 7, ಸೋಮವಾರ

ಏನೂ ಇಲ್ಲ. ಊಟ ಸೇರಲಿಲ್ಲ. ಸೊಸೆ "ಅತ್ತೆ, ಉಪ್ಪು ಜಾಸ್ತಿ ಆಯ್ತಾ?" ಎಂದು ಕೇಳಿದಳು. ಹೌದು ಎಂದೆ. ಪಾಪ, ಉಪ್ಪು ಸರಿಯಾಗಿಯೇ ಇತ್ತು.

ಜುಲೈ 18, ಶುಕ್ರವಾರ

ನೋವು: ಎರಡು. ಆದರೂ ಮನೆಯಲ್ಲಿ ಯಾರ ಮುಖದಲ್ಲೂ ಕಳೆಯಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಎಸೆತ ಮಿತಿಯಲ್ಲೇ ಇದೆ. ಓಡಿ ಬರೋ ರೀತಿ ಸರಿಯಾಗಿದೆ. ರಕ್ತಪರೀಕ್ಷೆ ಸರಿಯಾಗಿದೆ. ಇಷ್ಟಿದ್ದೂ ಎರಡೂ ಪಕ್ಕ ಬಿರುಕು ಬಿಟ್ಟಿದೆ ಅಂದ್ರೆ ಆ ಮೂಳೆಗೇ ವೇಗ ತಡೆಯೋ ಶಕ್ತಿ ಇಲ್ಲ ಅನ್ಕೋಬೇಕಾಗುತ್ತೆ. ಮತ್ತೆ ಜೋರಾಗಿ ಎಸೆದ್ರೆ ಮತ್ತೆ ಬಿರುಕು ಬಿಡುತ್ತೆ. ಆಗಸ್ಟ್ ಐದಕ್ಕೆ ಕೊನೇ ಸಲ ನೋಡಿ ಕ್ರಿಕೆಟ್ ಮಂಡಳಿಗೆ ಬರೀತೀನಿ. ಸ್ಪಿನ್ ಕಲೀಲಿ, ಇಲ್ಲಾ ಬ್ಯಾಟಿಂಗ್ ಮಾಡ್ಲಿ."

ಹುಡುಗಿ ವಾಪಸು ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಕೊನೆಗೆ, "ನನ್ನ ಮೂಳೆನೇ ಸರಿ ಇಲ್ವಂತೆ ಅಜ್ಜಿ," ಅಂದಳು. ಮಾರ್ಕು ಕಡಿಮೆ ಬಂದ ಮಗುವಿನ ಹಾಗೆ.

ಅವಳ ಮೂಳೆಗೇನಾಗಿದೆ? ಗಟ್ಟಿಮುಟ್ಟಾದ ಮೂಳೆ ಅದು. ನನ್ನ ಸೀಸ ಹೊತ್ತು ಎಂಟು ವರ್ಷ ತಡೆದಿದೆ. ಇದನ್ನು ಹೇಳಬೇಕಾದ ಬಾಯಿ ಲೋಕದಲ್ಲಿ ಒಂದೇ ಇದೆ. ಬೇರೆ ಹೊತ್ತಿನಲ್ಲಿ ಮುಚ್ಚದ ಆ ಬಾಯಿ ಇವತ್ತು ಬಸ್ಸಿನಲ್ಲಿ ಹೊಲಿದ ಹಾಗೆ ಮುಚ್ಚಿಕೊಂಡಿತ್ತು.

ಹೇಳಿದರೆ ಅವಳು ನನ್ನ ಮುಖ ನೋಡುವುದಿಲ್ಲ. ಹೇಳದಿದ್ದರೆ ಅವಳು ಚೆಂಡಿನ ಮುಖ ನೋಡುವುದಿಲ್ಲ. ಇನ್ನು ಹದಿನೆಂಟು ದಿನ.

ಜುಲೈ 29, ಮಂಗಳವಾರ

ಪಟ್ಟಿ ಕೈಬಿಟ್ಟಿಲ್ಲ. ಮೊದಲು ಯಾರು ದೊಡ್ಡವನು ಎಂದು ನೋಡಲು ಶುರುಮಾಡಿದ್ದು. ಆಮೇಲೆ ಎಲ್ಲರೂ ಒಂದಲ್ಲ ಒಂದು ದಿನ ಮುರಿಯುತ್ತಾರೆ, ನನ್ನದೇನೂ ತಪ್ಪಿಲ್ಲ ಎಂದು ತೋರಿಸಿಕೊಳ್ಳಲು ನೋಡಿದೆ. ನನಗೇ ವಕೀಲೆ ನಾನು. ಹಾಗೆ ನೋಡುವಾಗ ಒಂದು ಸಿಕ್ಕಿತು.

ಮೀಸೆ. ಎಪ್ಪತ್ತು ಟೆಸ್ಟು, ಮುನ್ನೂರ ಐವತ್ತೈದು ವಿಕೆಟ್ಟು. ಒಟ್ಟು ಲೆಕ್ಕ ನೋಡಿದರೆ ಒಂದೇ ಉಸಿರಿನಲ್ಲಿ ಆಡಿದವನ ಹಾಗೆ ಕಾಣುತ್ತಾನೆ. ಮಗನ ಪುಸ್ತಕದಲ್ಲಿ ಮ್ಯಾಚು ಮ್ಯಾಚಿನ ತಾರೀಖು ಇದೆ. ಬೆರಳಿಟ್ಟು ಇಳಿಯುತ್ತಾ ಹೋದೆ. ಹನ್ನೊಂದು ಟೆಸ್ಟು ಆದಮೇಲೆ ತಾರೀಖು ಹಾರಿಬಿಟ್ಟಿದೆ. ಒಂದೂಮುಕ್ಕಾಲು ವರ್ಷ ಅವನ ಹೆಸರೇ ಇಲ್ಲ. ಹುಡುಗಿಯನ್ನು ಕೇಳಿದೆ, ಏನಾಗಿತ್ತು ಇವನಿಗೆ?

"ಬೆನ್ನು ಮುರಿದಿತ್ತು. ಪ್ಲಾಸ್ಟರ್ ಹಾಕಿದ್ರಂತೆ."

"ಆಮೇಲೆ?"

"ಆಮೇಲೆ ಬಂದ."

ಆಮೇಲೆ ಬಂದು ಇನ್ನೂ ಐವತ್ತೊಂಬತ್ತು ಟೆಸ್ಟು ಆಡಿದ. ಮುನ್ನೂರ ನಾಲ್ಕು ವಿಕೆಟ್ಟು ಬಂದದ್ದು ಬೆನ್ನು ಮುರಿದ ಮೇಲೆ. ಎದುರು ಕೂರುವವಳ ಜೊತೆ ಎರಡು ವರ್ಷ ಮಾತುಬಿಟ್ಟೆನಲ್ಲ, ಇದೊಂದು ಗೊತ್ತಿದ್ದರೆ ಬಿಡುತ್ತಿರಲಿಲ್ಲ. ಮುದುಕನಿಗೂ ಎಳೆ ವಯಸ್ಸಿನಲ್ಲಿ ಬೆನ್ನು ಬಿರುಕು ಬಿಟ್ಟಿತ್ತಂತೆ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಸರಾಸರಿ ತೂಗುವವರಿಗೆ ಆ ಖಾಲಿ ತಿಂಗಳುಗಳು ಕಾಣುವುದೇ ಇಲ್ಲ. ನಾನು ಪಟ್ಟಿಯಲ್ಲಿ ಹೊಸ ಗೆರೆ ಎಳೆದೆ: ಎಷ್ಟು ದಿನ ಸುಮ್ಮನಿದ್ದ.

ಆದರೆ ಅವರ ಡಾಕ್ಟರಿಗೆ ಯಾರೂ ಸುಳ್ಳು ಹೇಳಿರಲಿಲ್ಲವಲ್ಲ.

ಆಗಸ್ಟ್ 5, ಮಂಗಳವಾರ

ಹೇಳಿದೆ.

ಮಗ ಆಸ್ಪತ್ರೆಯ ಚೀಟಿಯ ಸಾಲಿನಲ್ಲಿ ನಿಂತಿದ್ದ, ಹುಡುಗಿ ಎಕ್ಸ್‌ರೇ ಕೋಣೆಯಲ್ಲಿದ್ದಳು. ನಾನು ಕೈಚೀಲ ಹಿಡಿದು ಸೀದಾ ಡಾಕ್ಟರಮ್ಮನ ಕೋಣೆಗೆ ನುಗ್ಗಿದೆ. ಕಾಂಪೌಂಡರ್ ತಡೆದ. "ನಿನ್ನ ಅಜ್ಜಿಗೂ ಹೀಗೇ ಅಡ್ಡ ನಿಲ್ತೀಯಾ?" ಅಂದೆ, ದಾರಿ ಬಿಟ್ಟ.

ಚೀಲದಿಂದ ಎರಡು ಚೆಂಡು ತೆಗೆದಿಟ್ಟೆ. ಆಮೇಲೆ ಚರ್ಮ ಕೊಯ್ಯುವ ಚಾಕು. ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು.

"ಏನಜ್ಜಿ ಇದು?"

"ನಿಮ್ಮನ್ನ ಕೊಯ್ಯೋಕಲ್ಲ ತಾಯಿ, ಕೂತ್ಕೊಳ್ಳಿ."

ಹೊಲಿಗೆ ಕತ್ತರಿಸಿ ಚರ್ಮ ಸುಲಿದೆ. ನೂಲು ಬಿಚ್ಚಿದೆ. ಬಿಚ್ಚಿದಷ್ಟೂ ಬಂತು, ಮೇಜಿನಿಂದ ಇಳಿದು ಅವಳ ಕಾಲ ಬುಡದಲ್ಲಿ ಗುಡ್ಡೆಯಾಯಿತು. ಕಾರ್ಕು ಒಡೆದೆ. ನಾಲ್ಕು ಸೀಸದ ಗುಂಡು ಹೊರಗೆ ಬಿದ್ದು ಕಾಗದಗಳ ಮೇಲೆ ಉರುಳಿದವು. ಒಂದನ್ನು ಅವಳೇ ಅಂಗೈಯಿಂದ ತಡೆದಳು.

"ಎಷ್ಟು ವರ್ಷ?" ಅಂದಳು.

"ಎಂಟು."

"ಮಗು ಬೆಳೀತಾ ಇತ್ತು ಅಜ್ಜಿ."

ಇಷ್ಟೇ ಅಂದದ್ದು. ನಾನು ಎಷ್ಟೋ ಜನರ ಬೈಗುಳ ತಿಂದಿದ್ದೇನೆ, ಕೊಟ್ಟೂ ಇದ್ದೇನೆ. ಈ ನಾಲ್ಕು ಮಾತಿನ ಹಾಗೆ ಒಂದೂ ನಾಟಿಲ್ಲ.

ಇನ್ನೊಂದು ಚೆಂಡು ತೂಗಲು ತಕ್ಕಡಿ ಬೇಕಿತ್ತು. ಪಕ್ಕದ ಕೋಣೆಯಿಂದ ಹಸುಗೂಸು ತೂಗುವ ತಕ್ಕಡಿ ತರಿಸಿದಳು. ಆ ಬಿಳಿ ತೊಟ್ಟಿಲಿನಂಥ ತಟ್ಟೆಯ ನಡುವೆ ನನ್ನ ಕೆಂಪು ಚೆಂಡು ಒಂಟಿಯಾಗಿ ಕೂತಿತು. ಇನ್ನೂರು ಗ್ರಾಂ.

ಬಹಳ ಹೊತ್ತು ಬರೆದಳು. ಆಮೇಲೆ ಹೇಳಿದಳು: "ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದ್ರೆ ಲೆಕ್ಕ ಪೂರ್ತಿ ಬದಲಾಗುತ್ತೆ. ಮೂಳೇಲಿ ದೋಷ ಇದೆ ಅಂತ ಮಂಡಳಿಗೆ ಬರೆಯಲ್ಲ. ಮತ್ತೆ ಎಸೀಬಹುದು. ಆದ್ರೆ ಅಕ್ಟೋಬರ್ ಮರೆತುಬಿಡಿ, ಈ ವರ್ಷಾನೇ ಮರೆತುಬಿಡಿ. ಬೇರೆ ಊರಲ್ಲಿ ಒಂದು ತರಬೇತಿ ಕೇಂದ್ರ ಇದೆ, ಆರು ತಿಂಗಳು ಅಲ್ಲಿರ್ಬೇಕು. ಒಂದು ಹೆಜ್ಜೆಯಿಂದ ಶುರುಮಾಡಿಸ್ತಾರೆ."

ಉಸಿರು ಬಂತು. ಏಳಲು ಹೊರಟೆ.

"ಅಜ್ಜಿ. ಅವಳಿಗೆ ಇದನ್ನ ನಾನು ಹೇಳಲ್ಲ. ನೀವೇ ಹೇಳ್ಬೇಕು."

ನೆಲದ ನೂಲು ಆರಿಸಿಕೊಂಡು ಬಂದೆ.

ಆಗಸ್ಟ್ 6, ಬುಧವಾರ

ಬೆಳಗ್ಗೆ ಬೆಲ್ಟು ಬಿಗಿಯುವಾಗ ಹೇಳಿದೆ. ಅವಳ ಬೆನ್ನು ನನ್ನ ಕಡೆ ಇತ್ತು, ಮುಖ ಕಾಣುತ್ತಿರಲಿಲ್ಲ, ಅದಕ್ಕೇ ಆ ಹೊತ್ತು ಆರಿಸಿಕೊಂಡೆ. ಹೇಡಿ ಮುದುಕಿ.

ಎಲ್ಲ ಕೇಳಿದಳು. ಎಷ್ಟು ಗುಂಡು, ಯಾವಾಗಿಂದ, ಯಾವ ಯಾವ ಚೆಂಡು. ಆಮೇಲೆ ತಿರುಗದೆಯೇ ಕೇಳಿದಳು, "ಹಾಗಾದ್ರೆ ನನ್ನ ವೇಗ ನಂದಲ್ವಾ ಅಜ್ಜಿ?"

ನಾನು ಬೈಗುಳಕ್ಕೆ ತಯಾರಾಗಿದ್ದೆ, ಅಳುವಿಗೆ ತಯಾರಾಗಿದ್ದೆ. ಈ ಪ್ರಶ್ನೆಗೆ ತಯಾರಾಗಿರಲಿಲ್ಲ. "ನಿಂದಲ್ಲದೆ ಪಕ್ಕದ್ಮನೆಯವಳದ್ದಾ?" ಅಂದೆ. ತಮಾಷೆ ಮಾಡುವ ಹೊತ್ತೇ ಅದು? ನನ್ನ ಬಾಯಿಗೆ ಬೇರೆ ದಾರಿ ಗೊತ್ತಿಲ್ಲ.

ಬೆಲ್ಟಿನ ಕೊನೇ ಕೊಂಡಿಯನ್ನು ಅವಳೇ ಹಾಕಿಕೊಂಡಳು.

ಸಂಜೆ ಮಗನಿಗೂ ಸೊಸೆಗೂ ಹೇಳಿದೆ. ಮಗ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸೊಸೆ ನನ್ನ ತಟ್ಟೆಗೆ ಊಟ ಬಡಿಸಿ ಎದುರಿಗಿಟ್ಟಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗಸ್ಟ್ 9, ಶನಿವಾರ

ಮೂರು ದಿನ ಮಾತಿಲ್ಲ. ನೋವು ಎಷ್ಟು ಎಂದು ಕೇಳಲೂ ನನಗೆ ಬಾಯಿ ಬರಲಿಲ್ಲ.

ಇವತ್ತು ಮಧ್ಯಾಹ್ನ ಅವಳು ಅಡುಗೆಮನೆಯ ತಕ್ಕಡಿಯನ್ನು ಮುಂದಿನ ಕೋಣೆಗೆ ತಂದಿಟ್ಟಳು. ಮನೆಯಲ್ಲಿದ್ದ ಚೆಂಡುಗಳನ್ನೆಲ್ಲ ಹುಡುಕಿ ತಂದಳು. ಮಂಚದಡಿ ನಾಲ್ಕು, ಬ್ಯಾಗಿನಲ್ಲಿ ಐದು, ಬೀರುವಿನ ಮೇಲೆ ಎರಡು. ಒಂದು ಡಾಕ್ಟರಮ್ಮನ ಮೇಜಿನ ಮೇಲೆ ಹರಿದುಹೋಯಿತು, ಉಳಿದದ್ದು ಹನ್ನೊಂದು. ಒಂದೊಂದನ್ನೇ ತೂಗಿ, ಪೆನ್ನಿನಿಂದ ಚರ್ಮದ ಮೇಲೇ ತೂಕ ಬರೆದಳು. ನೂರ ಎಪ್ಪತ್ತು. ನೂರ ಎಂಬತ್ತೈದು. ಇನ್ನೂರು. ಇನ್ನೂರು. ನಾನು ಎದುರಿಗೇ ಕೂತಿದ್ದೆ, ಎದ್ದುಹೋಗುವ ಧೈರ್ಯವಾಗಲಿಲ್ಲ. ಅತಿ ಹಳೆಯದೊಂದನ್ನು ಮಾತ್ರ ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಹನ್ನೊಂದು ವರ್ಷಕ್ಕೆ ಕೊಟ್ಟದ್ದು. ಬೆರಳು ತಾಗಿ ತಾಗಿ ಹೊಲಿಗೆ ಸವೆದಿದೆ.

"ಇವನ್ನೆಲ್ಲ ಬಿಚ್ಚಿ ಸರಿಮಾಡು," ಅಂದಳು.

"ಎಸೆದುಬಿಡೋಣ ಕಣೇ. ಹೊಸಾವು ತರ್ಸೋಣ."

"ಎಸೀಬೇಡ. ಅವು ನನ್ನ ಚೆಂಡು."

ಮೂರು ದಿನಕ್ಕೆ ಮೂರು ಮಾತು. ಅದೂ ಅಪ್ಪಣೆ. ಯಾರ ಮೊಮ್ಮಗಳು ಮತ್ತೆ.

ಆಗಸ್ಟ್ 14, ಗುರುವಾರ

ಹೋದಳು. ಮಗ ತರಬೇತಿ ಕೇಂದ್ರದವರೆಗೆ ಜೊತೆಗೆ ಹೋಗಿ ಬಿಟ್ಟುಬರುತ್ತಾನೆ. ನನಗೆ ಕೈ ಬೀಸಿದಳೋ, ಕೂದಲು ಸರಿಮಾಡಿಕೊಂಡಳೋ ಗೊತ್ತಾಗಲಿಲ್ಲ. ಕಣ್ಣು ಮಂಜು.

ಒಂದು ಚೆಂಡು ಬಿಚ್ಚಿದೆ.

ಆಗಸ್ಟ್ 19, ಮಂಗಳವಾರ

ಆರು ಆಯಿತು. ಮೊದಲು ದಿನಕ್ಕೆ ಐದು ಹೊಲಿಯುತ್ತಿದ್ದ ಕೈ ಈಗ ಒಂದಕ್ಕೇ ಸುಸ್ತು. ಹೆಬ್ಬೆರಳು ಊದಿದೆ. ಸೊಸೆ ಬಿಸಿನೀರು ತಂದಿಟ್ಟು, "ಅತ್ತೆ, ಕೈ ಮುಳುಗಿಸಿ" ಅಂದಳು. ಮಾತಾಡಿದಳು, ಅಂತೂ.

ಅಲ್ಲಿಂದ ಫೋನು ಮಗನಿಗೆ ಮಾತ್ರ ಬರುತ್ತದೆ. ನನ್ನನ್ನು ಕೇಳಿದಳಾ ಎಂದರೆ "ಕೇಳಿದ್ಲು ಕೇಳಿದ್ಲು" ಅನ್ನುತ್ತಾನೆ. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದು ನನ್ನಿಂದ ಅವನಿಗೆ ಬರಲಿಲ್ಲ ನೋಡಿ.

ಪಟ್ಟಿ ಮುಂದುವರಿಸಿಲ್ಲ. ಬಿಡುವಿಲ್ಲ.

ಆಗಸ್ಟ್ 24, ಭಾನುವಾರ

ಹನ್ನೊಂದೂ ಮುಗಿದವು. ನಾಳೆ ಮಗ ಅಂಚೆಗೆ ಹಾಕುತ್ತಾನೆ. ಜೊತೆಗೆ ಕಳಿಸುವ ಕಾಗದವನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ, ಅಲ್ಲಿ ಕಾಟು ಹೊಡೆದರೆ ಕೋಚುಗಳ ಮುಂದೆ ಮರ್ಯಾದೆ ಹೋಗುತ್ತದೆ.

ಕೊಕ್ಕರೆ,

ಚೆಂಡು ಹನ್ನೊಂದಿವೆ. ಎಣಿಸಿಕೋ. ಪ್ರತಿಯೊಂದೂ ನೂರ ನಲವತ್ತೈದು ಗ್ರಾಂ, ಒಂದು ಮಾತ್ರ ನೂರ ನಲವತ್ತೇಳು, ಅದಕ್ಯಾಕೆ ಹಾಗಾಯಿತು ಗೊತ್ತಿಲ್ಲ, ಮೂರು ಸಲ ಬಿಚ್ಚಿದೆ. ನೀನು ಬರೆದಿದ್ದ ಹಳೇ ತೂಕ ಅಳಿಸಿಲ್ಲ, ಅದರ ಕೆಳಗೆ ಹೊಸದು ಬರೆದಿದ್ದೇನೆ. ನನ್ನ ಮಾತು ನಂಬಬೇಡ. ಒಂದೊಂದನ್ನೂ ತೂಗಿ ನೋಡಿ ಆಮೇಲೆ ಮುಟ್ಟು. ಒಳಗೆ ಏನಿದೆ ಎಂದು ಅನುಮಾನ ಬಂದರೆ ಒಂದನ್ನು ಕೊಯ್ದು ನೋಡು, ಇನ್ನೊಂದು ಹೊಲಿದು ಕಳಿಸುತ್ತೇನೆ. ಎಲ್ಲವನ್ನೂ ಕೊಯ್ದರೆ ಎಲ್ಲವನ್ನೂ ಹೊಲಿಯುತ್ತೇನೆ.

ಮೀಸೆಯವನ ಹಾಗೆ ವಾಪಸು ಬಾ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ. ಜಾಗ ಸಾಲುವುದಿಲ್ಲ.

ಅವತ್ತು ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಹೇಳಲಿಲ್ಲ. ವೇಗ ನಿನ್ನದೇ. ಸೀಸ ನನ್ನದು. ಎರಡನ್ನೂ ಒಂದೇ ಚರ್ಮದೊಳಗೆ ಹೊಲಿದವಳು ನಾನು, ಅದಕ್ಕೇ ಬೇರೆ ಬೇರೆ ಎಂದು ಹೇಳುವ ಹಕ್ಕು ನನಗೇ ಇದೆ. ಹಗುರ ಚೆಂಡಿನಲ್ಲಿ ನಿಧಾನವಾಗಿ ಹೋದರೆ ಹೋಗಲಿ. ನಡೆದುಕೊಂಡು ಬಂದು ಎಸೆದರೂ ಸರಿ. ಎಸೆಯಲೇಬಾರದು ಎಂದು ನಿನಗೇ ಅನ್ನಿಸಿದರೂ ಸರಿ, ಯಾರಾದರೂ ಮಾತಾಡಿದರೆ ನನ್ನ ಹತ್ತಿರ ಕಳಿಸು.

ಉತ್ತರ ಬರೆ. ಫೋನು ಬೇಡ, ಫೋನಿನಲ್ಲಿ ನೀನು "ಹ್ಞೂ ಹ್ಞೂ" ಅನ್ನುತ್ತೀ, ನಾನು ಅದರಲ್ಲಿ ಏನನ್ನು ಓದಲಿ? ಎಷ್ಟು ಜೋರಾಗಿ ಎಸೆದೆ, ಕೋಚ್ ಏನಂದರು, ಅದೆಲ್ಲ ಬೇಡ. ಬೆಳಗ್ಗೆ ಬಗ್ಗಿ ಬೂಟಿನ ದಾರ ನೀನೇ ಕಟ್ಟಿಕೊಂಡೆಯಾ, ಕಟ್ಟುವಾಗ ನೋಯಿತಾ, ಇಷ್ಟು ಬರೆದರೆ ಸಾಕು. ಬೈಯುವುದಿದ್ದರೆ ಅದನ್ನೂ ಬರೆ, ಪುಟ ಉಳಿಸಬೇಡ. ಮುಂದಿನ ತಿಂಗಳು ಹುಟ್ಟುವುದರೊಳಗೆ ಕಾಗದ ನನ್ನ ಕೈಯಲ್ಲಿರಬೇಕು.